ಪೈರು ನಿಂತಿರುವ ತನಕ

ಮೊದಲ ಏಟು ಬಾರುಕೋಲಿನದು. ಅದು ಗುರುಬಸಮ್ಮನ ಎಡಭುಜಕ್ಕೆ ಬಿದ್ದು, ಕುಪ್ಪಸ ಹರಿದು, ಗೇಣುದ್ದದ ಕೆಂಪು ಗೆರೆ ಎದ್ದಿತು. ಆಕೆ ಕುಡುಗೋಲು ಬೀಸಿದ್ದು ಅದಾದ ಮೇಲೆಯೇ. ಈ ಕ್ರಮದ ಬಗ್ಗೆ ಮುಂದೆ ಹರಪನಹಳ್ಳಿ ಕಡೆಯ ಅರಸೀಕೆರೆಯ ಪೊಲೀಸ್ ಠಾಣೆಯಲ್ಲಿ ಸಾಕಷ್ಟು ವಾದ ನಡೆದದ್ದರಿಂದ ಈಗಲೇ ಹೇಳಿಬಿಡುವುದು ಒಳ್ಳೆಯದು. ಕುಡುಗೋಲು ಆಕೆಯ ಮೈದುನ ನಾಗೇಂದ್ರಪ್ಪನ ಬಲ ಮುಂಗೈಯಿಂದ ಒಂದು ಬಿಲ್ಲೆಯಷ್ಟು ಮಾಂಸ ಕಿತ್ತುಕೊಂಡಿತು.

“ಕೊಯ್ದ ಬಿಟ್ಟಿ ಅಲ್ಲ ಅತ್ತಿಗಿ,” ಅವನು ತನ್ನ ಕೈಯನ್ನೇ ಬೆರಗಿನಿಂದ ನೋಡುತ್ತ ಅಂದ.

“ನಿಂತ ಪೈರಿಗೆ ಕುಂಟಿ ತಂದಾಂವ ನೀನು. ನಾನಲ್ಲ.”

“ಇದು ನನ್ನ ನೆಲ.”

“ಪೈರು ಎದ್ದ ಮ್ಯಾಲ ನಿಂದು. ಇನ್ನಾ ಹೂವು ಐತಿ, ಕಣ್ಣಿಲ್ಲೇನು?”

“ಹೂವು, ಹೂವು. ಎರಡು ವರ್ಷ ಆತು ಈ ಹೂವು ನೋಡಾಕ ಹತ್ತಿ.”

ಜಗಳ ಹನ್ನೊಂದು ಮಾರು ಅಗಲದ ಒಂದು ಪಟ್ಟಿಯದು. ಅತ್ತ ಅವನ ಹೊಲ, ಇತ್ತ ಆಕೆಯ ಹೊಲ, ನಡುವೆ ಇದು, ಇದರ ತುದಿಗೆ ಬಾವಿ. ಹಿಂದಿನ ವರ್ಷ ಸರ್ಕಾರ ಹರಪನಹಳ್ಳಿ ತಾಲೂಕನ್ನೇ ಇಡಿಯಾಗಿ ಬಳ್ಳಾರಿಯಿಂದ ಎತ್ತಿ ದಾವಣಗೆರೆ ಜಿಲ್ಲೆಯೊಳಗೆ ಇಟ್ಟಾಗ ಊರಿನಲ್ಲಿ ಯಾರ ಮೂಗಿನಿಂದಲೂ ರಕ್ತ ಬಂದಿರಲಿಲ್ಲ. ಈ ಪಟ್ಟಿಗಾಗಿ ಮಾತ್ರ ಎರಡು ವರ್ಷದಲ್ಲಿ ಗುರುಬಸಮ್ಮನ ಒಂದು ಹಲ್ಲು, ನಾಗೇಂದ್ರಪ್ಪನ ಹೆಗಲ ಮೂಳೆ, ಯಾವ ಪಕ್ಷಕ್ಕೂ ಸೇರದ ಒಂದು ನಾಯಿಯ ಕಾಲು ಮುರಿದಿದ್ದವು.

ಗುರುಬಸಮ್ಮನ ಗಂಡ ತೀರಿಕೊಂಡ ವರ್ಷ, ಪಟ್ಟಿ ತನ್ನ ಪಾಲಿನದೆಂದು ಮೈದುನ ತಗಾದೆ ತೆಗೆದಾಗ, ಊರಿನ ಹಿರಿಯ ಅಜ್ಜಯ್ಯ ನ್ಯಾಯ ಹೇಳಿದ್ದ. ಆಗ ಪಟ್ಟಿಯಲ್ಲಿ ಆಕೆ ಬಿತ್ತಿದ ಜೋಳ ಎದೆಯುದ್ದ ನಿಂತಿತ್ತು. ನಿಂತ ಪೈರಿಗೆ ಕುಂಟೆ ಹೊಡೆಯುವುದು ಆ ಕಡೆ ಕೊಲೆಗಿಂತ ಸ್ವಲ್ಪವೇ ಕಡಿಮೆ. “ಪೈರು ನಿಂತಿರೋತನ ಆಕಿದು. ಪೈರು ಎದ್ದು ನೆಲ ಬೋಳಾದ ದಿನ ನಿಂದು,” ಎಂದು ಹೇಳಿ ಅಜ್ಜಯ್ಯ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಎರಡು ತಿಂಗಳ ಮಾತು ಎಂದು ನಾಗೇಂದ್ರಪ್ಪ ಒಪ್ಪಿದ. ಆದರೆ ಜೋಳ ಕೊಯ್ಯುವ ಮೊದಲೇ ಅದರ ಸಾಲುಗಳ ನಡುವೆ ಗುರೆಳ್ಳು ಹಳದಿ ಹೂ ಬಿಟ್ಟಿತ್ತು. ಗುರೆಳ್ಳು ಮುಗಿಯುವುದರೊಳಗೆ ಕುಸುಬೆ. ಕುಸುಬೆಯ ಹಿಂದೆ, ತಡವಾಗಿ ಬಿತ್ತಿ ಕೊಯ್ಯದೇ ಬಿಟ್ಟ ಸಬ್ಬಸಿಗೆ. ಅದರ ಹಿಂದೆ, ಬಾವಿನೀರು ಕುಡಿದು ಸೊಂಟದುದ್ದ ಬೆಳೆದ ಕಾಮಕಸ್ತೂರಿ.

“ಹೂವಿಗೆ ಪೈರು ಅಂತಾರೇನ್ರಿ?” ಎಂದು ನಾಗೇಂದ್ರಪ್ಪ ಕಟ್ಟೆಗೆ ಹೋಗಿ ಕೇಳಿದ್ದ.

“ದನ ಮೇದ್ರ ದಂಡ ಹಾಕಬೇಕಾಗತೈತಿ ಅಂದ್ರ ಅದು ಪೈರು,” ಅಂದ ಅಜ್ಜಯ್ಯ.

ನಾಗೇಂದ್ರಪ್ಪ ಅದನ್ನೂ ಪರೀಕ್ಷಿಸಿದ. ಅವನ ಆಡುಗಳು ಕಾಮಕಸ್ತೂರಿಯನ್ನು ಮೂಸಿ, ಸೀನಿ, ಅವನದೇ ತೊಗರಿಗೆ ಬಾಯಿ ಹಾಕಿದವು.

ಗುರುಬಸಮ್ಮ ಹೂ ಬೆಳೆಯುವುದು ನೆಲ ಬಿಡದಿರುವುದಕ್ಕೆ ಎಂದು ಊರು ತಿಳಿದದ್ದು ಅರ್ಧ ಮಾತ್ರ ನಿಜ. ಹಗರಿಬೊಮ್ಮನಹಳ್ಳಿಯ ತರಬೇತಿಯೊಂದರಲ್ಲಿ ಆಕೆಗೆ ನಾಲ್ಕು ಜೇನುಪೆಟ್ಟಿಗೆ ಸಿಕ್ಕಿದ್ದವು. ಮೊದಲ ವರ್ಷ ಸುತ್ತಲಿನ ಸೂರ್ಯಕಾಂತಿ ಕೊಯ್ದ ಹದಿನೈದು ದಿನಕ್ಕೆ ಎರಡು ಪೆಟ್ಟಿಗೆ ಖಾಲಿಯಾದವು. ಆಕೆಯ ಹೊಲದಲ್ಲಿ ಕೂಲಿ ಮಾಡುವ ಚೌಡಕ್ಕ ಕೂಡ್ಲಿಗಿ ಕಡೆಯವಳು, ಗುಡ್ಡದಲ್ಲಿ ಜೇನು ಬಿಡಿಸುತ್ತಿದ್ದವನ ಮಗಳು. ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಹೇಳಿದಳು: “ಯವ್ವಾ, ಇವು ಸತ್ತಿಲ್ಲ. ಉಣ್ಣಾಕಿಲ್ಲಂತ ಮನಿ ಬಿಟ್ಟು ಹೋಗ್ಯಾವ. ಸೂರ್ಯಕಾಂತಿ ಹೋದಮ್ಯಾಲ ಬೇವು ಹೂ ಬಿಡೋತನ ಏನರ ಹಾಕು. ಎಲ್ಲಾರ ಹೊಲ ಬೋಳಾದಾಗ ನಿಂದೊಂದು ಹೂ ಬಿಡಬೇಕು.”

ಹೀಗೆ ಗುರುಬಸಮ್ಮ ಎಲ್ಲರೂ ಬಿತ್ತಿ ಮುಗಿಸಿದ ಮೇಲೆ ಬಿತ್ತುವ ಹೆಂಗಸಾದಳು. ಚೌಡಕ್ಕ ಮರದ ಪೊಟರೆಗಳಿಂದ ಗೂಡು ಬಿಡಿಸಿ ತಂದು ಖಾಲಿ ಪೆಟ್ಟಿಗೆ ತುಂಬಿಸಿದಳು. ಬೆಳಿಗ್ಗೆ ಎದ್ದರೆ ಒಂದೊಂದು ಪೆಟ್ಟಿಗೆಗೂ ಕಿವಿ ಹಚ್ಚಿ, ಒಳಗೆ ಗುಂಯ್ ಎನ್ನುತ್ತಿರುವುದನ್ನು ಕೇಳಿದ ಮೇಲೆಯೇ ಗುರುಬಸಮ್ಮ ಮುಖ ತೊಳೆಯುವುದು. “ನಿನ್ನ ಗಂಡ ಗೌಡರ ಎದಿಗೆ ಇಷ್ಟು ಸಲ ಕಿವಿ ಹಚ್ಚಿದ್ರ ಇನ್ನಾ ನಾಕು ವರ್ಷ ಬದುಕ್ತಿದ್ರು,” ಎಂದು ಚೌಡಕ್ಕ ಒಮ್ಮೆ ಅಂದು, ಆ ದಿನ ಬುತ್ತಿಗೆ ಪಲ್ಯ ಸಿಗದೆ ಬರೀ ರೊಟ್ಟಿ ತಿಂದಿದ್ದಳು.

ಈ ವರ್ಷ ನಾಲ್ಕೂ ಪೆಟ್ಟಿಗೆ ತುಂಬಿದ್ದವು. ಉಗಾದಿಗೆ ಹತ್ತು ದಿನ ಇತ್ತು. ಬಾವಿಯ ಮೇಲಿನ ಬೇವಿನಲ್ಲಿ ಮೊಗ್ಗು ಸಾಸಿವೆ ಕಾಳಿನಷ್ಟಾಗಿತ್ತು. ಅದು ಬಿರಿಯುವವರೆಗೆ, ಅಂದರೆ ಹತ್ತು ದಿನ, ಕಾಮಕಸ್ತೂರಿ ನಿಂತಿದ್ದರೆ ಸಾಕು. ಎರಡು ವರ್ಷ ಕಾದ ನಾಗೇಂದ್ರಪ್ಪ ಹತ್ತು ದಿನ ಕಾಯುತ್ತಿದ್ದನೇನೋ. ಆದರೆ ಹಿಂದಿನ ಸಂಜೆ ಕಾಮಕಸ್ತೂರಿಯ ಸಾಲುಗಳ ನಡುವೆ ಅತ್ತಿಗೆ ಕೂತು ಚೆಂಡುಹೂವಿನ ಸಸಿ ನೆಡುವುದನ್ನು ಅವನು ಕಣ್ಣಾರೆ ನೋಡಿದ.

ಮರುದಿನ ನಡುಮಧ್ಯಾಹ್ನ ಎತ್ತು ಹೂಡಿಕೊಂಡು ಬಂದ. ಬಿಸಿಲಿಗೆ ಜೇನು ಮಲಗಿರುತ್ತವೆ ಎಂಬುದು ಅವನ ಅಂದಾಜು. ಎತ್ತುಗಳ ಕೊರಳ ಗಂಟೆ ಕೇಳಿಯೇ ಗುರುಬಸಮ್ಮ ಕುಡುಗೋಲು ಹಿಡಿದು ಅಡ್ಡ ನಿಂತದ್ದು.

“ಪಕ್ಕಕ್ಕ ಸರಿ ಅತ್ತಿಗಿ. ಇಲ್ಲಾಂದ್ರ ನಿನ್ನ ಮ್ಯಾಲ ಹಾಯಿಸ್ತೀನಿ,” ಅಂದ ಈಗ, ಮುಂಗೈಯಿಂದ ರಕ್ತ ತೊಟ್ಟಿಕ್ಕುತ್ತಿರುವಾಗ.

“ಹಾಯಿಸು. ನಿಮ್ಮಣ್ಣ ಮ್ಯಾಲಿಂದ ನೋಡ್ತಿರ್ತಾನ.”

“ನಮ್ಮಣ್ಣಗ ಇದ್ದಾಗ ಕಣ್ಣು ಕಾಣ್ತಿರಲಿಲ್ಲ. ಈಗೇನ್ ನೋಡ್ತಾನ.”

ರಕ್ತಕ್ಕೆ ಎತ್ತುಗಳ ಹಗ್ಗ ಜಾರುತ್ತದೆಂದು ಅದನ್ನು ಮುಂಗೈಗೆ ಎರಡು ಸುತ್ತು ಬಿಗಿದುಕೊಂಡ. ಎಡಗೈಯಿಂದ ಆಕೆಯ ಎದೆಗೆ ತಳ್ಳಿದ. ಗುರುಬಸಮ್ಮ ಹಿಂದಕ್ಕೆ, ಒಣಗಿದ ಕುಸುಬೆಯ ಮುಳ್ಳಿನ ರಾಶಿಯ ಮೇಲೆ ಬಿದ್ದಳು. ಕುಂಟೆ ನಡೆಯಿತು. ಕಬ್ಬಿಣದ ಅಲಗು ಬೇರು ಕೊಯ್ಯುತ್ತ ಹೋದಂತೆ ಕಾಮಕಸ್ತೂರಿ ಸಾಲುಸಾಲಾಗಿ ಮಲಗಿತು, ಮದುವೆಮನೆಯಂಥ ವಾಸನೆ ಎದ್ದಿತು. ಅವನು ಒಂದು ಸುತ್ತು ಮುಗಿಸಿ, ಬಾವಿಯ ಬಳಿ ಎತ್ತು ತಿರುಗಿಸಿದ. ನೊಗದ ತುದಿ ಅಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ ಹಲಗೆಗೆ ತಗುಲಿತು. ಒಂದೇ ಹಲಗೆಯ ಮೇಲೆ ಸಾಲಾಗಿದ್ದ ನಾಲ್ಕು ಪೆಟ್ಟಿಗೆಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಬಾಯಿ ಬಿಟ್ಟವು.

ಜೇನು ಮಲಗಿರಲಿಲ್ಲ.

ಅವು ಮೊದಲು ಎತ್ತುಗಳ ಮೂಗಿಗೂ ಕಣ್ಣಿಗೂ ಹೋದವು. ಎಡಗಡೆಯ ಬಿಳಿ ಎತ್ತು ಹಿಂಗಾಲ ಮೇಲೆ ನೆಗೆಯಿತು. ಕುಂಟೆ ಮಗುಚಿ ಅಲಗು ಅದರ ಹಿಂಗಾಲಿಗೇ ಹೊಡೆದು, ಗೊರಸಿನ ಮೇಲೆ ಎಲುಬು ಕಾಣುವಷ್ಟು ಸೀಳಿತು. ಎತ್ತು ಒಂದು ಮಗ್ಗುಲಿಗೆ ಕುಸಿಯಿತು. ನೊಗದಲ್ಲಿ ಸಿಕ್ಕ ಇನ್ನೊಂದು ಎತ್ತು ಕೊರಳು ತಿರುಚಿಕೊಂಡು ಒದರತೊಡಗಿತು. ಮುಂಗೈಗೆ ಹಗ್ಗ ಬಿಗಿದುಕೊಂಡಿದ್ದ ನಾಗೇಂದ್ರಪ್ಪ ಓಡಲಾರದೆ ಎಳೆಯಲ್ಪಟ್ಟು, ಬಿದ್ದ ಎತ್ತಿನ ಬೆನ್ನಿಗೂ ನೆಲಕ್ಕೂ ನಡುವೆ ಸೊಂಟದವರೆಗೆ ಸಿಕ್ಕಿಬಿದ್ದ. ಅವನ ಮುಖ ಕಾಣುತ್ತಿರಲಿಲ್ಲ. ಮುಖ ಇದ್ದ ಜಾಗದಲ್ಲಿ ಕಂದು ಬಣ್ಣದ್ದೇನೋ ಹರಿದಾಡುತ್ತಿತ್ತು.

ಚೌಡಕ್ಕ ಬಾವಿಯ ಕಡೆಯಿಂದ ತಲೆಗೆ ಕಂಬಳಿ ಎಳೆದುಕೊಂಡು ಓಡಿಬಂದಳು. “ಯವ್ವಾ, ಹೊಗಿ ಹಾಕಲಿಲ್ಲಂದ್ರ ಸಾಯ್ತಾನ.”

“ಹೊಗಿ ಡಬ್ಬ್ಯಾಗ ಸಗಣಿ ಕುಳ್ಳು ಐತಿ ನೋಡು. ಕಡ್ಡಿಪೆಟ್ಟಿಗಿನೂ ಐತಿ.”

“ಒಂದ ಕುಳ್ಳು. ಅದರ ಹೊಗಿ ಅವನ ಮೂಗಿಗೂ ಸಾಲದು.”

ಗುರುಬಸಮ್ಮ ಮೈದುನನನ್ನು ನೋಡಿದಳು, ಪೆಟ್ಟಿಗೆಗಳನ್ನು ನೋಡಿದಳು, ಕುಂಟೆ ತಾಗದೆ ಇನ್ನೂ ನಿಂತಿದ್ದ ಹೂವಿನ ಸಾಲುಗಳನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳು ಎಂಬುದೂ ಮುಂದೆ ವಾದದ ವಿಷಯವಾಯಿತು. ಒಂದು ಉಸಿರು, ಅಷ್ಟೇ, ಎನ್ನುತ್ತಾಳೆ ಚೌಡಕ್ಕ.

ಗುರುಬಸಮ್ಮ ಕುಸುಬೆಯ ಒಣ ರಾಶಿಗೆ ಕಡ್ಡಿ ಗೀರಿದಳು. ಅದು ಉರಿಯೆದ್ದಾಗ, ನಿಂತ ಕಾಮಕಸ್ತೂರಿಯನ್ನು ಎರಡೂ ಕೈಯಲ್ಲಿ ಬುಡಸಮೇತ ಕಿತ್ತು ಅದರ ಮೇಲೆ ಒಗೆದಳು. ಹೂವಿನೊಳಗೆ ತಲೆ ಹಾಕಿಕೊಂಡು ಉಣ್ಣುತ್ತಿದ್ದ ಜೇನುಗಳೂ ಅದರ ಜೊತೆಗೇ ಹೋದವು. ಹಸಿ ಗಿಡಕ್ಕೆ ಬಿಳಿ ಹೊಗೆ ದಟ್ಟವಾಗಿ ಎದ್ದಿತು. ಇನ್ನೊಂದು ಸಾಲು. ಮತ್ತೊಂದು. ಕೊನೆಗೆ ನಿನ್ನೆ ನೆಟ್ಟ ಚೆಂಡುಹೂವಿನ ಸಸಿಗಳು. ಆಮೇಲೆ ಮುಖಕ್ಕೆ ಸೆರಗು ಸುತ್ತಿಕೊಂಡು ಹೊಗೆಯೊಳಗೆ ಅಂಬೆಗಾಲಿಟ್ಟು ಹೋಗಿ, ಅದೇ ಕುಡುಗೋಲಿನಿಂದ ಅವನ ಮುಂಗೈಯ ಹಗ್ಗ, ನೊಗದಲ್ಲಿ ಸಿಕ್ಕಿದ್ದ ಎತ್ತಿನ ಕೊರಳ ಹಗ್ಗ ಕೊಯ್ದಳು. ಚೌಡಕ್ಕ ಅವನ ತೋಳು ಹಿಡಿದು ಹೊರಗೆಳೆದಳು.

“ಎತ್ತುಗೋಳು,” ಎಂದ ನಾಗೇಂದ್ರಪ್ಪ. ತುಟಿಗಳು ಆಗಲೇ ಬದನೆಕಾಯಿಯಾಗಿದ್ದವು.

“ನಿನ್ನ ಬಾಯಿ ಮುಚ್ಚು, ಒಳಗ ಹೋದಾವು,” ಅಂದಳು ಅತ್ತಿಗೆ.

ಬೆಂಕಿ ಒಣಗಿದ ಸಬ್ಬಸಿಗೆಗೆ ಹತ್ತಿ ಪಟ್ಟಿಯುದ್ದಕ್ಕೂ ಓಡಿತು. ಎರಡು ಪೆಟ್ಟಿಗೆ ಮೇಣದ ಸಮೇತ ಭಗ್ಗೆಂದು ಉರಿದವು.

ಬಿಳಿ ಎತ್ತು ಹೊತ್ತು ಮುಳುಗುವ ಮೊದಲು ಸತ್ತಿತು. ನಾಗೇಂದ್ರಪ್ಪನನ್ನು ಹರಪನಹಳ್ಳಿ ಆಸ್ಪತ್ರೆಗೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಿದ್ದರು. ಅಜ್ಜಯ್ಯ ಬಂದು, ಬೂದಿಯನ್ನು ಕೋಲಿನಿಂದ ಅಲ್ಲಲ್ಲಿ ಕೆದಕಿ, ಹಸಿರೇನೂ ಕಾಣದೆ, ತೀರ್ಪು ಪೂರ್ತಿ ಮಾಡಿದ.

“ಪೈರು ಎದ್ದೈತಿ. ನೆಲ ನಾಗೇಂದ್ರಪ್ಪಂದು.”

“ಹೂಂ,” ಅಂದಳು ಗುರುಬಸಮ್ಮ. ಆಕೆಯ ಬೆನ್ನಿನಿಂದ ಚೌಡಕ್ಕ ಕುಸುಬೆಯ ಮುಳ್ಳು ಕೀಳುತ್ತಿದ್ದಳು.

“ಎತ್ತು ಎಲ್ಲಿ ಹೂಳೂದ್ರಿ ಅಜ್ಜಾರ?” ಎಂದು ಚೌಡಕ್ಕ ಮುಳ್ಳಿನಿಂದ ಕಣ್ಣೆತ್ತದೆ ಕೇಳಿದಳು.

“ಅವನ ನೆಲದಾಗ. ಮತ್ತೆಲ್ಲಿ.”

ಎತ್ತು ಹೂತ ನೆಲಕ್ಕೆ ವರ್ಷ ತುಂಬುವ ತನಕ ಕುಂಟೆ ಹಾಕುವಂತಿಲ್ಲ ಎಂಬ ಊರ ಕಟ್ಟಳೆ ಅಜ್ಜಯ್ಯನಿಗೆ ನೆನಪಾದದ್ದು ಗುಂಡಿ ಮುಚ್ಚಿದ ಮೇಲೆ.

ಉಗಾದಿಯ ಮರುದಿನ ಬೆಳಿಗ್ಗೆ ನಾಗೇಂದ್ರಪ್ಪ ಉಳಿದೊಂದು ಎತ್ತನ್ನು ನೀರಿಗೆ ಹಿಡಿದುಕೊಂಡು ಬಾವಿಗೆ ಬಂದ. ಬಲಗೈಗೆ ಪಟ್ಟಿ ಕಟ್ಟಿತ್ತು. ಒಂದು ಕಣ್ಣು ಮಾತ್ರ ತೆರೆದಿತ್ತು. ಬೂದಿಯ ನಡುವೆ ಎತ್ತಿನ ಗುಂಡಿಯ ಕೆಂಪು ಮಣ್ಣು ಉಬ್ಬಿಕೊಂಡಿತ್ತು. ಬೇವು ಹೂ ಬಿಟ್ಟು, ಬಾವಿಯ ನೀರಿನ ಮೇಲೂ ಬಿಳಿಯಾಗಿ ಉದುರಿತ್ತು. ಉಳಿದ ಎರಡು ಪೆಟ್ಟಿಗೆಗಳನ್ನು ಬೇವಿನ ಬುಡಕ್ಕೆ ಇಟ್ಟು, ಗುರುಬಸಮ್ಮ ಮೊಣಕಾಲೂರಿ ಒಂದಕ್ಕೆ ಕಿವಿ ಹಚ್ಚಿದ್ದಳು.

ಅವನು ದೂರದಲ್ಲೇ ನಿಂತ. ಎತ್ತು ತಲೆ ಕೊಡವಿತು.

“ಅದಾವೇನು?”

ಆಕೆ ತಿರುಗಿ ನೋಡದೆ, ಸುಮ್ಮನಿರು ಎಂಬಂತೆ ಕೈ ಎತ್ತಿದಳು. ಆ ಪೆಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಕಿವಿ ಹಚ್ಚಿದಳು. ನಾಗೇಂದ್ರಪ್ಪ ಎಡಗೈ ಚಾಚಿ, ಎತ್ತಿನ ಕೊರಳ ಗಂಟೆಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡ.