ಬೈಂಡರ್ ಹೊಲಿದ ಪಾಸ್‌ಪೋರ್ಟ್

ನಿಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಇದ್ದರೆ ಅದು ಎಲ್ಲಿದೆ, ಹೇಳಿ ನೋಡೋಣ. ಬೀರುವಿನ ಒಳಖಾನೆಯಲ್ಲಿ, ಅಂಕಪಟ್ಟಿ, ಹಳೆಯ ರಸೀದಿಗಳ ಅಡಿಯಲ್ಲಿ, ಅಲ್ಲವೇ? ಮಾಡಿಸಿದ ದಿನ ಮುಟ್ಟಿ ಮುಟ್ಟಿ ನೋಡುತ್ತೇವೆ. ಆಮೇಲೆ ಅತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ಬೀದಿಯ ಬೈಂಡರ್ ಮನೆಯಲ್ಲೂ ಹಾಗೇ ಆಗಿತ್ತು.

ಬೈಂಡರ್ ಎಂದರೆ ಪುಸ್ತಕ ಕಟ್ಟುವವರು. ಬೀದಿಯ ತಿರುವಿನಲ್ಲೇ ಅವರ ಅಂಗಡಿ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಮೂಲೆಯಲ್ಲಿ ರಟ್ಟಿನ ರಾಶಿ, ನಡುವೆ ಕಾಗದ ಕತ್ತರಿಸುವ ದೊಡ್ಡ ಯಂತ್ರ. ಹೆಂಡತಿ ಕಿಟಕಿಯ ಪಕ್ಕ ಕೂತು ಹಾಳೆ ಮಡಿಸಿ ಕೊಡುತ್ತಾರೆ, ಗಂಡ ಹೊಲಿಯುತ್ತಾರೆ. ಶಾಲೆಯ ರಿಜಿಸ್ಟರು, ವಕೀಲರ ದಪ್ಪ ಪುಸ್ತಕ, ಯಾರದೋ ಅಜ್ಜನ ಕಾಲದ ನಿಘಂಟು, ಎಲ್ಲವೂ ಅವರ ಕೈಗೇ ಬರಬೇಕು. "ನಾನು ಕಟ್ಟಿದ ಪುಸ್ತಕದಲ್ಲಿ ಒಂದು ಹಾಳೆ ಬಿಚ್ಚಿದ್ರೂ ತಂದು ನನ್ನ ಮುಖದ ಮೇಲೆ ಎಸೀರಿ" ಎನ್ನುತ್ತಾರೆ. ಇಲ್ಲಿಯವರೆಗೆ ಯಾರೂ ಎಸೆದಿಲ್ಲ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು. ಮಾತಿಗೆ ನಿಂತರೆ ಮಾತ್ರ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಈ ತಮ್ಮನಿಗೆ ಉಣಿಸಿ, ಕೈ ಹಿಡಿದು ಶಾಲೆಗೆ ಬಿಟ್ಟವಳು ಅವಳೇ. ಮದುವೆಯಾಗಿ ಪರದೇಶಕ್ಕೆ ಹೋದವಳು ಅಲ್ಲೇ ನೆಲೆ ನಿಂತಳು. ಅಕ್ಕ ತಮ್ಮ ಎದುರುಬದುರು ಕೂತು ಮಾತಾಡಿ ಹನ್ನೊಂದು ವರ್ಷವಾಗಿತ್ತು. ಒಂದು ದಿನ ಅವಳಿಂದ ಫೋನ್ ಬಂತು.

"ಡಾಕ್ಟರ್ ಹೇಳಿಬಿಟ್ರು ಕಣೋ. ನನ್ನ ಕಣ್ಣಿಗೆ ಇನ್ನು ಐದಾರು ತಿಂಗಳು, ಅಷ್ಟೇ. ಆಮೇಲೆ ಬೆಳಕು ಕತ್ತಲೆ ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ. ಈಗ್ಲೇ ಫೋನಿನ ಪರದೆಯಲ್ಲಿ ನೀನು ಬರೀ ಮಸುಕು. ಹತ್ತಿರ ಕೂತ್ರೆ ಕಾಣ್ತೀಯ. ಒಂದ್ಸಲ ಬಂದು ಹೋಗೋ."

ಬೈಂಡರ್ ಫೋನ್ ಇಟ್ಟವರೇ ಅರ್ಧ ಹೊಲಿದ ರಿಜಿಸ್ಟರನ್ನು ಬದಿಗೆ ಸರಿಸಿದರಂತೆ. ಆಮೇಲೆ ಹೆಂಡತಿಗೆ, "ಹೊರಡೋಣ ಕಣೇ. ಮುಂದಿನ ತಿಂಗಳೇ ಹೊರಡೋಣ" ಎಂದರು.

ಪಾಸ್‌ಪೋರ್ಟ್ ಹುಡುಕಿ ತೆಗೆದರು. ಹೆಂಡತಿಯದು ಸರಿಯಾಗಿತ್ತು. ಅವರದಕ್ಕೆ ಗೋಡೆಯ ತೇವ ತಗುಲಿ ರಟ್ಟು ಉಬ್ಬಿತ್ತು, ಹೊಲಿಗೆ ಸಡಿಲವಾಗಿ ನಡುವಿನ ಹಾಳೆಗಳು ಅಲ್ಲಾಡುತ್ತಿದ್ದವು. ನೀವೋ ನಾವೋ ಆಗಿದ್ದರೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಇಡುತ್ತಿದ್ದೆವು. ಬೈಂಡರ್ ಅದನ್ನು ನೇರವಾಗಿ ಅಂಗಡಿಗೆ ಒಯ್ದರು. ಹಳೆಯ ದಾರ ಬಿಚ್ಚಿದರು, ಮೇಣ ಹಚ್ಚಿದ ಹೊಸ ದಾರದಲ್ಲಿ ಹೊಲಿದರು. ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಇಡೀ ದಿನ ಭಾರದ ಕೆಳಗಿಟ್ಟರು. ಅಂಚು ಸಮ ಕಾಣಲಿಲ್ಲವೆಂದು ಯಂತ್ರಕ್ಕೆ ಕೊಟ್ಟು ಕೂದಲೆಳೆಯಷ್ಟು ಕತ್ತರಿಸಿದರು.

ಹೊಸದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅದೇ ಸಂಭ್ರಮದಲ್ಲಿ ಅಂಗಡಿಯ ಮೇಲಿನ ಮಹಡಿ ಹತ್ತಿ ಕೌಂಟರ್ ಮೇಡಂ ಮನೆಗೆ ಹೋದರು, ಹಿಂದೆ ಹೆಂಡತಿ. ಕೌಂಟರ್ ಮೇಡಂ ವಿಮಾನ ಕಂಪನಿಯೊಂದರ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಪ್ರಯಾಣಿಕರ ಕಾಗದಪತ್ರ ನೋಡಿ, ಬೋರ್ಡಿಂಗ್ ಪಾಸ್ ಕೊಟ್ಟು, ನಿವೃತ್ತರಾದವರು. ಟಿಕೆಟ್ ತೆಗೆಯುವ ಮೊದಲು ಅವರನ್ನೊಂದು ಮಾತು ಕೇಳೋಣ ಎಂದದ್ದು ಹೆಂಡತಿ. ಬೈಂಡರ್ ಹೋದದ್ದು ತಮ್ಮ ಕೆಲಸ ತೋರಿಸುವುದಕ್ಕೆ.

"ನೋಡಿ ಮೇಡಂ, ಹೇಗಿದೆ?"

ಮೇಡಂ ಕನ್ನಡಕ ಹಾಕಿಕೊಂಡರು. ಪಾಸ್‌ಪೋರ್ಟಿನ ನಡುವೆ ಹೆಬ್ಬೆರಳಿಟ್ಟು ಹೊಲಿಗೆಯ ಉದ್ದಕ್ಕೂ ಎಳೆದರು. ಅವರ ಮುಖ ಸಪ್ಪಗಾಯಿತು.

"ಇದನ್ನ ಯಾರು ಹೊಲಿದ್ರು?"

"ಇನ್ಯಾರು? ನಾನೇ!"

"ಬೈಂಡರ್ರೇ, ಬೇಜಾರು ಮಾಡ್ಕೋಬೇಡಿ. ಈ ಪಾಸ್‌ಪೋರ್ಟ್ ಇನ್ನು ನಡೆಯಲ್ಲ."

ಬೈಂಡರ್ ನಕ್ಕರು. "ಯಾಕೆ ನಡೆಯಲ್ಲ? ಫೋಟೋ ನಂದು, ನಂಬರ್ ಅದೇ, ಒಂದು ಅಕ್ಷರ ಅಳಿಸಿಲ್ಲ. ಸರ್ಕಾರದ ಹೊಲಿಗೆ ಬಿಟ್ಟೋಗಿತ್ತು, ನನ್ನ ಹೊಲಿಗೆ ಬಿಡಲ್ಲ. ನಾನು ಉಪಕಾರ ಮಾಡಿದ್ದೀನಿ!"

"ನಿಮ್ಮ ಕೈಕೆಲಸದಲ್ಲಿ ನಾನು ತಪ್ಪು ಹುಡುಕ್ತಿಲ್ಲ. ಆದ್ರೆ ನಾವು ಮೊದಲು ನೋಡ್ತಿದ್ದದ್ದೇ ಹೊಲಿಗೆ. ದಾರ ಬದಲಾಗಿದ್ರೆ ಹಾಳೇನೂ ಬದಲಾಗಿದೆ ಅಂತ ಅನುಮಾನ. ಅಂಚು ಕತ್ತರಿಸಿದ್ರೆ ಇನ್ನೂ ಅನುಮಾನ. ಅಲ್ಲಿರೋ ಅಧಿಕಾರಿಗೆ ನೀವು ಒಳ್ಳೆಯವರು ಅಂತ ಹೇಗೆ ಗೊತ್ತಾಗ್ಬೇಕು? ನಿಮ್ಮನ್ನ ವಿಮಾನ ಹತ್ತೋಕೇ ಬಿಡಲ್ಲ."

"ಅಷ್ಟೊಂದು ಯಾರು ನೋಡ್ತಾರೆ ಬಿಡಿ ಮೇಡಂ. ಸಾವಿರಾರು ಜನ ಹೋಗ್ತಿರ್ತಾರೆ."

"ನಾನು ನೋಡ್ತಿದ್ದೆ" ಎಂದರು ಮೇಡಂ. ಕನ್ನಡಕ ತೆಗೆದು ಮುಂದುವರಿಸಿದರು. "ಒಬ್ಬ ಅಪ್ಪ ಮಗಳ ಪದವಿ ಸಮಾರಂಭಕ್ಕೆ ಅಂತ ಹೊರಟಿದ್ರು. ಪಾಸ್‌ಪೋರ್ಟ್ ಅವಧಿ ಮುಗಿಯೋಕೆ ನಾಲ್ಕು ತಿಂಗಳಿತ್ತು. ಅವರು ಹೋಗೋ ದೇಶ ಆರು ತಿಂಗಳು ಬಾಕಿ ಇರ್ಬೇಕು ಅನ್ನುತ್ತೆ. 'ಹತ್ತೇ ದಿನದಲ್ಲಿ ವಾಪಸ್ ಬರ್ತೀನಿ ತಾಯಿ' ಅಂತ ಕೈ ಮುಗಿದ್ರು. ನಾನೇ ಅವರನ್ನ ವಾಪಸ್ ಕಳಿಸಿದೆ. ಹೊಸ ಶೂ ಹಾಕ್ಕೊಂಡಿದ್ರು. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ."

ಈ ಮಾತು ಕೇಳಿ ಬೈಂಡರ್ ಹೆಂಡತಿ ಗಡಿಬಿಡಿಯಿಂದ ತಮ್ಮ ಪಾಸ್‌ಪೋರ್ಟ್ ತೆರೆದು ತಾರೀಖು ತೋರಿಸಿದರು. ಮೇಡಂ ಬೆರಳು ಮಡಿಸಿ ಎಣಿಸಿದರು. ಮುಂದಿನ ತಿಂಗಳು ಹೊರಟರೆ ಬಾಕಿ ಉಳಿಯುವುದು ಐದೇ ತಿಂಗಳು. ಅಕ್ಕ ಇರುವ ದೇಶವೂ ಆರು ಕೇಳುತ್ತದೆ.

"ಅಂದ್ರೆ ನಂದೂ ನಡೆಯಲ್ವಾ?"

"ಇಲ್ಲಮ್ಮ. ಇಬ್ಬರೂ ಹೊಸದು ಮಾಡಿಸ್ಬೇಕು. ಅದು ಬಂದ ಮೇಲೇ ವೀಸಾ, ಯಾಕಂದ್ರೆ ವೀಸಾ ಕೊಡೋದು ಪಾಸ್‌ಪೋರ್ಟಿನ ನಂಬರ್ ಮೇಲೆ. ವೀಸಾ ಬರೋವರೆಗೂ ಟಿಕೆಟ್‌ಗೆ ದುಡ್ಡು ಕಟ್ಟಬೇಡಿ."

"ಅಷ್ಟರಲ್ಲಿ ಅಕ್ಕನ ಕಣ್ಣು..." ಎಂದ ಬೈಂಡರ್ ಪಾಸ್‌ಪೋರ್ಟ್ ಕಿತ್ತುಕೊಂಡು ದಡದಡನೆ ಮೆಟ್ಟಿಲಿಳಿದರು. ಸಿಟ್ಟು ಮೇಡಂ ಮೇಲಲ್ಲ, ತಮ್ಮ ಕೈಗಳ ಮೇಲೆ. ಮೂವತ್ತು ವರ್ಷ ಅನ್ನ ಹಾಕಿದ ಕೈ ಒಂದು ದಿನದಲ್ಲಿ ದಾರಿ ಮುಚ್ಚಿತ್ತು.

ಮರುದಿನ ಒಬ್ಬ ವೀಸಾ ಏಜೆಂಟ್ ಗಂಟುಬಿದ್ದ. ಇಂಥವರಿಗೆ ಬೇರೆಯವರ ಕಷ್ಟದ ವಾಸನೆ ಅದು ಹೇಗೆ ಹತ್ತುತ್ತದೋ! "ಕಳೆದುಹೋಯ್ತು ಅಂತ ಒಂದು ದೂರು ಕೊಟ್ಬಿಡಿ. ಹೊಲಿದದ್ದು ಗಿಲಿದದ್ದು ಯಾಕೆ ಹೇಳ್ತೀರಾ? ಮಿಕ್ಕಿದ್ದು ನನಗೆ ಬಿಡಿ, ವೀಸಾ ಗ್ಯಾರಂಟಿ" ಎಂದ. ಬೈಂಡರ್ ಅರ್ಧ ಒಪ್ಪಿದ್ದರು. ಹೆಂಡತಿ ಹಾಳೆ ಮಡಿಸುವುದನ್ನು ನಿಲ್ಲಿಸಿ ಎದ್ದು ಬಂದರು.

"ರೀ, ಬೀರುವಿನಲ್ಲಿರೋದನ್ನ ಕಳೆದುಹೋಯ್ತು ಅಂತ ಬರೆದು ಸಹಿ ಹಾಕ್ತೀರಾ? ನಾಳೆ ಗೊತ್ತಾದ್ರೆ ಈ ಜನ್ಮದಲ್ಲಿ ಅತ್ತಿಗೆ ಮುಖ ನೋಡೋಕಾಗಲ್ಲ. ಮೊದಲು ಮೇಡಂನ ಕೇಳೋಣ."

ಮೇಡಂ ಆ ಮಾತು ಕೇಳಿದ್ದೇ ತಲೆ ಚಚ್ಚಿಕೊಂಡರು. "ಸುಳ್ಳು ದೂರು ಕೊಟ್ರೆ ಅದೇ ಒಂದು ಅಪರಾಧ. ಮತ್ತೆ ವೀಸಾ ಗ್ಯಾರಂಟಿ ಅನ್ನೋಕೆ ಅವನು ಯಾರು? ವೀಸಾ ಕೊಡೋದು ಆ ದೇಶದ ರಾಯಭಾರ ಕಚೇರಿ. ನೀವು ಹಾಳಾಗಿದೆ ಅಂತಲೇ ಹೇಳಿ. ಹೇಗಾಯ್ತು ಅನ್ನೋದನ್ನೂ ಬರೆದುಕೊಡಿ."

ಹಾಗೇ ಆಯಿತು. ಪಾಸ್‌ಪೋರ್ಟ್ ಕಚೇರಿಯ ಅಧಿಕಾರಿ ಬೈಂಡರ್ ಬರೆದ ಪತ್ರ ಓದಿ, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೆಲಸ ಮಾತ್ರ ಅದ್ಭುತ. ಇನ್ನೊಂದ್ಸಲ ಮಾಡಬೇಡಿ" ಎಂದು ದಂಡದ ರಸೀದಿ ಕೈಗಿತ್ತರು. ಬೈಂಡರಿಗೆ ಹೊಗಳಿಕೆಗೆ ಹಿಗ್ಗಬೇಕೋ ಬೈಗುಳಕ್ಕೆ ಕುಗ್ಗಬೇಕೋ ತಿಳಿಯಲಿಲ್ಲ.

ವಿಚಾರಣೆ, ಕಾಯುವಿಕೆ ಎಲ್ಲ ಸೇರಿ ಎರಡು ತಿಂಗಳು ಹೋಯಿತು. ಆ ಎರಡು ತಿಂಗಳು ಬೈಂಡರ್ ದಿನಾ ಅಕ್ಕನಿಗೆ ಫೋನ್ ಮಾಡಿ, "ಇವತ್ತು ಎಷ್ಟು ಕಾಣ್ತಿದೆ?" ಎಂದು ಕೇಳುತ್ತಿದ್ದರು. ಒಮ್ಮೆ ಅವಳು, "ಗೋಡೆ ಗಡಿಯಾರದ ಮುಳ್ಳು ಕಾಣ್ತಿಲ್ಲ ಕಣೋ" ಎಂದಳು. ಅಂದು ಅವರು ಮಧ್ಯಾಹ್ನವೇ ಅಂಗಡಿ ಮುಚ್ಚಿದರು.

ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಸಂಜೆಯೇ ಮೂವರೂ ವೀಸಾ ಅರ್ಜಿಯ ಮುಂದೆ ಕೂತರು. ಮೇಡಂ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟನ್ನೇ ತೆಗೆದು ಓದಿಸಿದರು. ಯಾರೋ ಕಳಿಸಿದ ಮೆಸೇಜು, ಪಕ್ಕದ ಮನೆಯವರು ಹೋಗಿಬಂದಾಗಿನ ನಿಯಮ, ಇವನ್ನು ನಂಬಕೂಡದು, ನಿಯಮ ದೇಶಕ್ಕೊಂದು, ವರ್ಷಕ್ಕೊಂದು ಎಂದರು. ಅಕ್ಕನ ಮಗ ಕಳಿಸಿದ ಆಹ್ವಾನ ಪತ್ರ, ಇಳಿದುಕೊಳ್ಳುವ ಮನೆಯ ವಿಳಾಸ, ಬ್ಯಾಂಕಿನ ಕಾಗದ, ಹೋಗಿಬರುವ ದಿನಗಳು, ಎಲ್ಲ ಒಂದೊಂದಾಗಿ ಸೇರಿದವು. ಕೊನೆಗೆ ಬೈಂಡರ್ ಮೆಲ್ಲಗೆ ಒಂದು ಮಾತು ತೆಗೆದರು.

"ಅಕ್ಕನ ಪಕ್ಕದ ಮನೆಯವರ ಹತ್ರ ಹಳೇ ಪುಸ್ತಕ ಬೇಕಾದಷ್ಟಿವೆಯಂತೆ. ನನ್ನ ಸೂಜಿ ದಾರ ತಗೊಂಡು ಹೋಗಿ ನಾಲ್ಕು ಪುಸ್ತಕ ಕಟ್ಟಿಕೊಟ್ರೆ ಏನಾದ್ರೂ ಕೊಡ್ತಾರೆ. ಅದನ್ನೂ ಬರೀಬೇಕಾ?"

"ಬರೆಯೋದೂ ಬೇಡ, ಮಾಡೋದೂ ಬೇಡ!" ಎಂದರು ಮೇಡಂ. "ಪ್ರವಾಸಿ ವೀಸಾ ಅಂದ್ರೆ ನೋಡೋಕೆ, ನೆಂಟರನ್ನ ಮಾತಾಡಿಸೋಕೆ. ಸಂಪಾದನೆ ಒಂದು ಪುಸ್ತಕದ್ದಾದ್ರೂ ತಪ್ಪೇ. ವಾಪಸ್ ಕಳಿಸ್ತಾರೆ, ಮತ್ತೆ ಒಳಗೆ ಬಿಡಲ್ಲ."

"ನಿಮ್ಮ ಕೈಗೆ ಮೂರು ವಾರ ರಜೆ ಕೊಡಿ" ಎಂದು ಹೆಂಡತಿ ನಕ್ಕರು. "ಅದು ಮಾಡಿರೋ ಉಪಕಾರ ಸಾಕು."

ಹದಿನೆಂಟನೇ ದಿನ ವೀಸಾ ಬಂತು. ಅದರಲ್ಲಿ ಮೂರು ತಿಂಗಳ ಗಡುವು ನೋಡಿ ಬೈಂಡರ್, "ಮೂರು ತಿಂಗಳು ಇರಬಹುದು!" ಎಂದು ಕುಣಿದರು. ಮೇಡಂ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಮೂರು ತಿಂಗಳೊಳಗೆ ಒಂದು ಸಲ ಹೋಗಬಹುದು, ಹೋದ ಮೇಲೆ ಮೂವತ್ತು ದಿನ ಮಾತ್ರ ಇರಬಹುದು. ಟಿಕೆಟ್ ತೆಗೆಯುವಾಗಲೂ ಅವರೇ ತಡೆದರು. ಅಗ್ಗದ ಟಿಕೆಟಿನಲ್ಲಿ ನಡುವೆ ಮತ್ತೊಂದು ದೇಶದಲ್ಲಿ ಇಳಿದು ಬೇರೆ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಅದಕ್ಕೆ ಆ ದೇಶದ ವೀಸಾ ಬೇರೆ ಬೇಕು. ನೇರ ವಿಮಾನವನ್ನೇ ಹಿಡಿದರು.

ಅಲ್ಲಿ ಇಳಿದಾಗ ಗಾಜಿನ ಹಿಂದೆ ಕೂತ ಅಧಿಕಾರಿಣಿ ಹೊಸ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟಳು. ವೀಸಾ ಇದ್ದರೂ ಒಳಗೆ ಬಿಡುವ ಬಿಡದಿರುವ ಮಾತು ಅವಳದೇ. ಯಾಕೆ ಬಂದಿರಿ, ಎಲ್ಲಿರುತ್ತೀರಿ, ಯಾವಾಗ ಹಿಂತಿರುಗುತ್ತೀರಿ ಎಂದು ಕೇಳಿದಳು. ಬೈಂಡರಿಗೆ ಅವಳ ಭಾಷೆ ಅರ್ಧಂಬರ್ಧ. ಆಹ್ವಾನ ಪತ್ರ, ವಿಳಾಸ, ವಾಪಸ್ ಟಿಕೆಟ್ ಮುಂದಿಟ್ಟು, "ಅಕ್ಕ. ಸಿಸ್ಟರ್. ಇಪ್ಪತ್ತೊಂದು ದಿನ" ಎಂದರು. ಅಡಗಿಸಲು ಏನೂ ಇರಲಿಲ್ಲವಾದ್ದರಿಂದ ಧ್ವನಿ ನಡುಗಲಿಲ್ಲ. ಅವಳು ಠಪ್ ಎಂದು ಮುದ್ರೆ ಒತ್ತಿದಳು.

ಹೊರಬಾಗಿಲಲ್ಲಿ ಅಕ್ಕ ಮಗನ ತೋಳು ಹಿಡಿದು ನಿಂತಿದ್ದಳು. ತಮ್ಮ ಎದುರು ಬಂದು ನಿಂತರೂ ಅವಳ ನೋಟ ಪಕ್ಕಕ್ಕೆ ಹೋಯಿತು. ಬೈಂಡರಿಗೆ ಅಳು ಒತ್ತರಿಸಿ ಬಂತು. ತಡವಾಗಿಬಿಟ್ಟಿತು ಎಂದುಕೊಂಡರು.

"ಅಕ್ಕಾ, ನಾನು."

ಅವಳು ಎರಡೂ ಕೈಯಿಂದ ಅವರ ಮುಖ ಹಿಡಿದು ತನ್ನ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಬೆಳಕಿನ ಕಡೆ ತಿರುಗಿಸಿದಳು. ಸುತ್ತಲಿನ ಜನ ತಳ್ಳುಗಾಡಿಗಳನ್ನು ಬದಿಗೆ ಸರಿಸಿಕೊಂಡು ಹೋಗುತ್ತಿದ್ದರು.

"ಅಯ್ಯೋ, ಥೇಟ್ ಅಪ್ಪನ ಮುಖ ಬಂದುಬಿಟ್ಟಿದೆಯಲ್ಲೋ ನಿಂಗೆ!" ಎಂದಳು. "ಮೂಗಿನ ಪಕ್ಕ ಆ ಗೆರೆ, ಅದೂ ಅವರದೇ. ಕಾಣ್ತಿದೆ ಕಣೋ. ಎಲ್ಲ ಕಾಣ್ತಿದೆ."

ಆ ಇಪ್ಪತ್ತೊಂದು ದಿನವೂ ಅಕ್ಕ ಕಿಟಕಿಯ ಬೆಳಕಿನಲ್ಲಿ ತಮ್ಮನನ್ನು ಕೂರಿಸಿಕೊಂಡು ಮಾತಾಡಿದಳಂತೆ. ಅವರು ಹಿಂತಿರುಗಿದ ಎರಡನೆಯ ತಿಂಗಳಿಗೆ ಅವಳಿಗೆ ಮುಖಗಳು ಕಾಣುವುದು ನಿಂತಿತು. ಅಂದು ಮೇಡಂ ಮಾತು ಮೀರಿ ಹಟ ಹಿಡಿದು ಹೊಲಿದ ಪಾಸ್‌ಪೋರ್ಟಿನಲ್ಲೇ ಹೊರಟಿದ್ದರೆ ಇಲ್ಲಿಯ ಕೌಂಟರಿನಿಂದಲೇ ವಾಪಸ್ಸು. ಅಕ್ಕನ ಕಣ್ಣು ಅವರಿಗಾಗಿ ಕಾಯುತ್ತಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದವರು ಅಥವಾ ಕೇಳಿದವರು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಪಾಸ್‌ಪೋರ್ಟ್ ತೆರೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಹಾಳೆ ಹರಿದಿದ್ದರೆ, ನೆನೆದಿದ್ದರೆ, ಬಿಚ್ಚಿದ್ದರೆ ಅಂಟು, ಟೇಪು, ದಾರ ಮುಟ್ಟಿಸಬೇಡಿ, ಕಚೇರಿಗೆ ಒಯ್ಯಿರಿ. ಹೋಗುವ ದೇಶ ಏನು ಕೇಳುತ್ತದೆ ಎಂಬುದನ್ನು ಆ ದೇಶದ ಅಧಿಕೃತ ವೆಬ್‌ಸೈಟಿನಲ್ಲೇ ಓದಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ, ನಾಚಿಕೆ ಬೇಡ. ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಕೊಟ್ಟ ದಿನಗಳಿಗಿಂತ ಒಂದು ದಿನವೂ ಹೆಚ್ಚು ಉಳಿಯಬೇಡಿ. ಹೊರಡುವ ತಿಂಗಳು ಬರಲಿ, ಆಗ ನೋಡೋಣ ಎನ್ನಬೇಡಿ. ನಿಮ್ಮನ್ನು ನೋಡಲು ಆ ಕಡೆ ಯಾರು ಕಾಯುತ್ತಿದ್ದಾರೋ, ಅವರ ಹತ್ತಿರ ಎಷ್ಟು ದಿನ ಉಳಿದಿದೆಯೋ, ನಿಮಗೆ ತಿಳಿಯದು.