ಕಪ್ಪು ಬಳಿದ ಹೆಸರು

ಇದನ್ನು ಹೇಳಬಹುದೋ ಬಾರದೋ ತಿಳಿಯುತ್ತಿಲ್ಲ, ತಪ್ಪಾಗಿದ್ದರೆ ಕ್ಷಮಿಸಿ. ನಾನು ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕಗಳಿಗೆ ಮುಖಪುಟ ಮಾಡುವವನು.

ರಮಲಾದಿ, ಅಂದರೆ ನಾವೆಲ್ಲ ದಿದಿ (ಅಕ್ಕ) ಎನ್ನುವ ರಮಲಾ, ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತ ನೋಡಿಕೊಂಡು ನಿವೃತ್ತರಾದವರು. ಸರ್ಕಾರ ಜನರಿಂದ ಏನೇನು ಮುಚ್ಚಿಡುತ್ತದೆ ಎಂದು ಅವರು ಬರೆದ ಪುಸ್ತಕಕ್ಕೆ ಹೋದ ವರ್ಷ ಮುಖಪುಟ ಮಾಡಿದ್ದು ನಾನೇ. ಮುಖಪುಟದ ತುಂಬ ಕಡತದ ಒಂದು ಹಾಳೆಯ ಚಿತ್ರ. ಅದನ್ನು ಗುಟ್ಟಾಗಿ ತಂದುಕೊಟ್ಟವರು ಇನ್ನೂ ಕೆಲಸದಲ್ಲಿದ್ದಾರೆ. ಹಾಗಾಗಿ ಅದರಲ್ಲಿದ್ದ ಹೆಸರುಗಳನ್ನೆಲ್ಲ ರಮಲಾದಿಯೇ ಮಾರ್ಕರಿನಿಂದ ಕಪ್ಪು ಬಳಿದು ಕೊಟ್ಟಿದ್ದರು.

ಪುಸ್ತಕ ಮೇಳ ಮುಗಿದ ಮೇಲೆ ಪ್ರಕಾಶಕ ಅಮಿಯದಾ ಕರೆದರು. "ಪುಲಿನ್, ಇದು ಶ್ರಾದ್ಧದ ಕಾರ್ಡ್ ಥರ ಇದೆ ಕಣೋ. ಕೈಗೆತ್ಕೊಂಡೋರೆಲ್ಲ ಹಾಗೇ ಇಟ್ಟು ಹೋದ್ರು. ಉಳಿದ ಪ್ರತಿಗಳಿಗೆ ಹೊಸ ಮುಖಪುಟ ಹಾಕೋಣ. ಹಾಳೆ ಅದೇ ಇರ್ಲಿ, ಸ್ವಲ್ಪ ಬೆಳಕು ಮಾಡು."

ಕಂಪ್ಯೂಟರಿನಲ್ಲಿ ಹಾಳೆಯನ್ನು ತಿಳಿಯಾಗಿಸುತ್ತ ಹೋದೆ. ಕಪ್ಪು ಬೂದು ಬಣ್ಣಕ್ಕೆ ತಿರುಗಿತು. ಅದರೊಳಗಿಂದ ಒಂದು ಹೆಸರು ಎದ್ದಿತು, ಅಡ್ಡಹೆಸರಿನ ಸಮೇತ. ಗಾಬರಿಯಾಗಿ ಹಳೆಯ ಮುಖಪುಟದ ಒಂದು ಪ್ರತಿಯನ್ನು ಕಿಟಕಿಯ ಬಳಿ ಹಿಡಿದೆ. ಅಲ್ಲೂ ಕಂಡಿತು. ಮೊದಲೂ ಹೀಗೆಯೇ ಕಾಣುತ್ತಿತ್ತೇ? ಅಥವಾ ಈಗ ಗೊತ್ತಿರುವುದರಿಂದ ಕಾಣುತ್ತಿದೆಯೇ?

ಒಯ್ದು ತೋರಿಸಿದರೆ ಅಮಿಯದಾ ಕನ್ನಡಕ ಹಣೆಗೇರಿಸಿ ನೋಡಿದರು. "ನಂಗೆ ಮಸಿ ಬಿಟ್ರೆ ಏನೂ ಕಾಣ್ತಿಲ್ಲ. ಊಟ ಮಾಡಿದ್ಯೋ ಇಲ್ವೋ ನೀನು?"

ರಮಲಾದಿಯ ಮನೆಗೆ ಹೋದೆ. "ದಿದಿ, ಒಂದು ಹೆಸರು ಓದೋಕೆ ಬರ್ತಿದೆ. ಅದು..."

"ತಡಿ. ಯಾವ ಹೆಸರು ಅಂತ ಹೇಳ್ಬೇಡ."

"ಹೇಳ್ದೆ ಅದು ಹಾಳೆ ತಂದುಕೊಟ್ಟೋರದೇನಾ ಅಂತ ಹೇಗೆ ತಿಳ್ಕೊಳ್ಲಿ?"

"ನಾನು ಹೂಂ ಅಂದ್ರೆ ನಿಂಗೂ ಗೊತ್ತಾಯ್ತು. ಉಹೂಂ ಅಂದ್ರೂ ಅರ್ಧ ಗೊತ್ತಾಯ್ತು."

"ಅವರಿಗೊಂದು ಫೋನ್ ಮಾಡಿ ಎಚ್ಚರಿಸಬಹುದಲ್ವಾ?"

"ಯಾವತ್ತೂ ಮಾಡಲ್ಲ ಅಂತ ಮಾತು ಕೊಟ್ಟಿದೀನಿ." ಲೋಟವನ್ನು ನನ್ನತ್ತ ಸರಿಸಿ, "ನಾನು ಪುಸ್ತಕ ಬರೆದು ಬೈದಿದ್ದೂ ಹೀಗೆ ಮುಚ್ಚಿಡೋದನ್ನೇ ಅಲ್ವೇನಪ್ಪಾ. ಚಹಾ ಕುಡಿ," ಎಂದರು.

ಹಾಳೆಯನ್ನೇ ಬಿಟ್ಟು, ಹಳದಿ ಬಣ್ಣದ ಮೇಲೆ ಪುಸ್ತಕದ ಹೆಸರಷ್ಟೇ ಇರುವ ಮುಖಪುಟ ಮಾಡಿದೆ. ಬೈಂಡರ್ ಹಳೆಯ ಮುಖಪುಟಗಳನ್ನು ಕೀಳುವಾಗ ಎದುರಿಗೇ ಕೂತಿದ್ದೆ. ಕಿತ್ತದ್ದನ್ನೆಲ್ಲ ನಾನೇ ಚೂರು ಮಾಡಿದೆ. ಬಿಟ್ಟಿದ್ದರೆ ಓಣಿಯಲ್ಲಿ ಮಂಡಕ್ಕಿ ಪೊಟ್ಟಣಗಳಾಗಿಬಿಡುತ್ತಿದ್ದವು.

ಆದರೆ ಮೇಳದಲ್ಲಿ ಮಾರಿಹೋದ ನೂರ ಹದಿನೆಂಟು ಪ್ರತಿಗಳು ಯಾರ್ಯಾರ ಮನೆಯಲ್ಲಿವೆಯೋ. ಅವರಲ್ಲಿ ಯಾರಾದರೂ ಆ ಹೆಸರನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ಅದು ಹಾಳೆ ತಂದುಕೊಟ್ಟವರದೋ ಬೇರೆಯವರದೋ, ಅದೂ ನನಗೆ ಗೊತ್ತಿಲ್ಲ.