ಮೊನಾಹನ್ಸಿನ ಮರಳು

"ಹಿಂದ ಟ್ರಕ್ ಬರಾಕತ್ತೈತಿ. ನೀ ಲೇನ್ ಬಿಡಬ್ಯಾಡ, ಸುಮ್ನ ಹೊಂಟಿರು," ಅಂದ ಬಸವರಾಜ್.

ದಾಕ್ಷಾಯಣಿ ಕನ್ನಡಿ ನೋಡಿದಳು. ನಿಜ, ಹದಿನೆಂಟು ಗಾಲಿಯದೊಂದು ಹತ್ತಿರವಾಗುತ್ತಿತ್ತು. ಗಂಡ ಅದನ್ನು ಕಿವಿಯಿಂದಲೇ ಕಂಡಿದ್ದ. ಟ್ರಕ್ಕು ಪಕ್ಕದಲ್ಲಿ ಹಾಯುವಾಗ ಕಾರು ಒಮ್ಮೆ ನಡುಗಿತು. ಅದು ಅರ್ಧ ಮೈಲಿ ಮುಂದೆ ಹೋದಮೇಲೆ ಅವಳು ಉಸಿರು ಬಿಟ್ಟಳು.

ಯೂಲೆಸ್‌ನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟವರು ಅವರು. ಹಿಂದಿನ ಇಪ್ಪತ್ತು ವರ್ಷ ಕಾರು ಓಡಿಸಿದವನು ಅವನೇ. ಟೆಕ್ಸಸ್ಸಿನ ಒಂದೊಂದು ಸ್ಟೇಟ್ ಪಾರ್ಕಿಗೂ ಹೆಂಡತಿಯನ್ನೂ ಮಗಳನ್ನೂ ಕರೆದೊಯ್ದಿದ್ದ. ದಾಕ್ಷಾಯಣಿಯ ಕೆಲಸ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಅವನ ಕೈಗೆ ಕೊಡುವುದು. ಮೊನಾಹನ್ಸ್ ಒಂದೇ ಉಳಿದಿತ್ತು. ಡೇವಿಸ್ ಬೆಟ್ಟಗಳಿಗೆ ಹೋಗುವಾಗೆಲ್ಲ ಅದರ ಬೋರ್ಡು ಕಂಡರೆ, "ಬರೇ ಮರಳು, ಏನ್ ನೋಡೂದು," ಎಂದು ಮುಂದೆ ಹೊಡೆಯುತ್ತಿದ್ದ.

ಮೂರು ವರ್ಷದಿಂದ ಅವನ ಕಣ್ಣು ಅಂಚಿನಿಂದ ಒಳಕ್ಕೆ ಸೋಲುತ್ತ ಬಂದಿತ್ತು. ಈಗ ಉಳಿದದ್ದು ಕೊಳವೆಯೊಳಗಿಂದ ಕಂಡಷ್ಟು ನೋಟ. ಎದುರಿಗಿದ್ದವರ ಮೂಗು ಕಂಡರೆ ಕಿವಿ ಕಾಣದು. ಹೋದ ಯುಗಾದಿಯ ಹೊತ್ತಿಗೆ ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯೊಂದರಲ್ಲಿ ಅಕ್ಕಿ ಚೀಲ ಹೊತ್ತು ತಿರುಗಿದವನು ಕಾಲ ಬಳಿಯಿದ್ದ ಪುಟ್ಟ ಮಗುವನ್ನು ಕೆಡವಿಬಿಟ್ಟ. ಮಗುವಿಗೆ ಏನೂ ಆಗಲಿಲ್ಲ. "ಕಣ್ಣು ಕಾಣಲ್ವಾ ನಿಮ್ಗೆ?" ಎಂದು ಅದರ ತಾಯಿ ಕನ್ನಡದಲ್ಲೇ ಸಿಡುಕಿದಳು. "ಇಲ್ಲವಾ, ಕಾಣೂದಿಲ್ಲ," ಅಂದ ಬಸವರಾಜ್. ಆಮೇಲೆ ಡಾಕ್ಟರರ ಬಳಿಗೆ ಬಿಟ್ಟರೆ ಎಲ್ಲಿಗೂ ಹೋಗಲಿಲ್ಲ.

ದಾಕ್ಷಾಯಣಿ ಡ್ರೈವಿಂಗ್ ಕಲಿತಳು. ಎರಡು ಸಲ ಫೇಲಾಗಿ ಮೂರನೆಯ ಸಲ, ಆಗಸ್ಟಿನಲ್ಲಿ ಪಾಸಾದಳು. "ಹೈವೇ ಪ್ರಾಕ್ಟೀಸ್ ಬೇಕ್ರಿ ನನಗ. ಒಬ್ಬಾಕಿ ಹೋಗಾಕ ಅಂಜಿಕಿ," ಎಂದು ಇವತ್ತು ಅವನನ್ನು ಎಬ್ಬಿಸಿ ಮೊನಾಹನ್ಸಿನ ದಾರಿಗೆ ಕರೆತಂದಿದ್ದಳು.

ಪಾರ್ಕಿನ ಆಫೀಸಿನ ಹುಡುಗಿ ಮರಳಿನ ಮೇಲೆ ಜಾರಲು ಪ್ಲಾಸ್ಟಿಕ್ಕಿನ ತಟ್ಟೆ ಬೇಕೇ ಎಂದು ಕೇಳಿದಳು. ದಾಕ್ಷಾಯಣಿ ನಕ್ಕು ಬೇಡವೆಂದಳು. ನವೆಂಬರಿನ ಬಿಸಿಲು ಹಿತವಾಗಿತ್ತು. ಮೂರ್ನಾಲ್ಕು ಸಂಸಾರಗಳು ಹತ್ತಿರದ ದಿಬ್ಬದಲ್ಲಿ ಜಾರುತ್ತಿದ್ದವು. ಅವರನ್ನು ದಾಟಿ, ಚಪ್ಪಲಿ ಕಳಚಿಟ್ಟು ಇಬ್ಬರೂ ದೂರದ ದಿಬ್ಬ ಹತ್ತಿದರು. ಅವನು ಅವಳ ಮೊಣಕೈ ಹಿಡಿದಿದ್ದ. ಎಂದಿನಂತೆ ಹಿಡಿದೂ ಹಿಡಿಯದ ಹಾಗೆ.

ಮೇಲೆ ಬಂದಾಗ ಅವನು ನಿಂತ. "ಮುಂದ ಏನೈತಿ?"

"ಮರಳು."

"ಬಲಕ್ಕ?"

"ಮರಳ."

"ಕಲ್ಲು? ಗಿಡ? ಮಂದಿ?"

ಅವಳು ಹಣೆಗೆ ಕೈ ಹಚ್ಚಿ ಸಾವಕಾಶವಾಗಿ ಸುತ್ತಲೂ ನೋಡಿದಳು. "ಭಾಳ ದೂರ ಒಂದಿಷ್ಟು ಕುರುಚಲು ಕಂಟಿ ಅದಾವು. ಅಲ್ಲೀತನಾ ಏನೂ ಇಲ್ರಿ."

"ಖರೇನ?"

"ಖರೇನ."

ಮೊಣಕೈ ಮೇಲಿನ ಕೈ ಸಡಿಲಾಯಿತು. ಅವನು ಹತ್ತು ಹೆಜ್ಜೆ ನಡೆದ. ಆಮೇಲೆ ಬೇಗಬೇಗ ನಡೆದ. ಆಮೇಲೆ ಓಡತೊಡಗಿದ.

"ರೀ! ಬೀಳ್ತೀರಿ!"

"ಬಿದ್ರ ಮರಳಾಗ ಬೀಳ್ತೀನಿ!"

ಬಿದ್ದೂ ಬಿದ್ದ. ಎದ್ದು, ಮುಖ ಒರೆಸದೆ ಮತ್ತೆ ಓಡಿದ. ಕೈಗಳು ಎರಡೂ ಬದಿಗೆ ಬೀಸುತ್ತಿದ್ದವು. ಮನೆಯಲ್ಲಿ ಅವು ಒಂದೋ ಗೋಡೆಗಾಗಿ ಮುಂದೆ ಚಾಚಿರುತ್ತಿದ್ದವು, ಇಲ್ಲವೇ ಏನನ್ನೂ ತಾಕದಂತೆ ಮೈಗೆ ಅಂಟಿಕೊಂಡಿರುತ್ತಿದ್ದವು. ಐವತ್ತಮೂರರ ಹೊಟ್ಟೆ ಕುಣಿಸುತ್ತ ಓಡುವ ಅವನನ್ನು ನೋಡಿ ಅವಳಿಗೆ ನಗು ಬಂತು. ಅಷ್ಟರಲ್ಲಿ ಅವನು ದಿಬ್ಬದ ಆಚೆಗಿಳಿದು ಕಾಣದಾದ.

ಗಾಳಿ ಬಿಟ್ಟರೆ ಸದ್ದಿಲ್ಲ. ಅವಳು ಆ ಕಡೆಗೆ ಹೊರಟಳು. ಎರಡು ಹೆಜ್ಜೆ ಹಾಕಿದ್ದಳು, ಕೆಳಗಿನಿಂದ ದನಿ ಬಂತು.

"ದಾಕ್ಷಾಯಣೀ! ಅಲ್ಲೇ ನಿಂದ್ರು! ಕರಕೊಂಡು ಹೋಗಾಕ ಬರಬ್ಯಾಡ. ಕೂಗು ಅಷ್ಟ. ನಾನ ಬರ್ತೀನಿ."

"ರೀ!" ಎಂದಳು. ಅಷ್ಟು ಗಿಡ್ಡ ಮಾತನ್ನು ಗಾಳಿ ಎತ್ತಿಕೊಂಡು ಹೋಯಿತು. "ರೀ! ರೀ!"

"ಕೇಳವಲ್ದು! ಜೋರಾಗಿ ಕೂಗು!"

ಅವಳು ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆಡದಿದ್ದ ಹೆಸರನ್ನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಬಸವರಾಜಾ!"

 ಕೆಳಗಿನಿಂದ ನಗು, ಕೆಮ್ಮು ಬರುವಷ್ಟು ನಗು. "ಇನ್ನೊಮ್ಮೆ!"

"ಬಸವರಾಜಾ!"

ದಿಬ್ಬದ ಅಂಚಿನಲ್ಲಿ ಮರಳು ಮೆತ್ತಿದ ತಲೆ ಕಾಣಿಸಿತು, ಆಮೇಲೆ ಭುಜ. ಕೈಯೂರಿ ಹತ್ತಿ ಬಂದವನು ನೆಟ್ಟಗೆ ನಿಂತು ನಡೆಯತೊಡಗಿದ. ಆದರೆ ಅವಳ ಕಡೆಗಲ್ಲ. ಹತ್ತಿಪ್ಪತ್ತು ಮಾರು ಎಡಕ್ಕೆ ಸರಿದು, ಖಾಲಿ ಮರಳಿನತ್ತ ಹೊರಟಿದ್ದ. ದಿಕ್ಕು ತಪ್ಪಿದ್ದು ಅವನಿಗೆ ತಿಳಿಯದಂತೆ ಆ ದಾರಿಗೆ ಅಡ್ಡವಾಗಿ ಹೋಗಿ ನಿಂತುಬಿಡಲು ಅವಳು ಕಾಲೆತ್ತಿದಳು.

ಎತ್ತಿದ ಕಾಲನ್ನು ಮತ್ತೆ ಅಲ್ಲೇ ಊರಿದಳು. ಕೂಗಿದಳು.

ಅವನು ನಿಂತ. ತಲೆ ಓರೆಮಾಡಿ ಒಂದಿಷ್ಟು ಹೊತ್ತು ಆಲಿಸಿದ. ಮೆಲ್ಲಗೆ ಅವಳತ್ತ ತಿರುಗಿದ.